ತಾರಸಿಯ ಮೇಲಿನ ಮಾಡು ಮತ್ತು ಬಕ್ಲಿಂಗ್ ಲೆಕ್ಕ

ಕಾಸರಗೋಡಿನ ತಾರಸಿ ಮನೆಗಳಿಗೆ ಈಗ ಎರಡನೆಯ ಮಾಡು ಬಂದಿದೆ. ಕುಂಬಳೆಯಿಂದ ಬದಿಯಡ್ಕಕ್ಕೋ ಉಪ್ಪಳದಿಂದ ಪೈವಳಿಕೆಗೋ ಹೋಗುವ ದಾರಿಯಲ್ಲಿ ಎರಡೂ ಬದಿ ನೋಡಿದರೆ, ಕಾಂಕ್ರೀಟಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ, ಟ್ರಸ್ ಕಟ್ಟಿ, ಬಣ್ಣದ ಶೀಟು ಹೊದಿಸಿದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ಚಪ್ಪಟೆ ತಾರಸಿ ಸೋರದೆ ಉಳಿಯುವುದು ಕಷ್ಟ. ಶೀಟು ಹಾಕಿಸಿದರೆ ಸೋರುವುದು ನಿಲ್ಲುತ್ತದೆ, ಅಡಿಕೆ ರಾಶಿ ಹಾಕಲು ಜಾಗವಾಗುತ್ತದೆ, ಮನೆಯ ಪೂಜೆಗೆ ಬಂದವರಿಗೆ ಅಲ್ಲೇ ಎಲೆ ಹಾಕಬಹುದು. ಈ ಮಾಡುಗಳು ಬಹುಕಾಲ ವೆಲ್ಡರುಗಳ ಕೈ ಅನುಭವದ ಮೇಲೆಯೇ ನಿಂತುಕೊಂಡು ಬಂದವು. ಇತ್ತೀಚೆಗೆ ಸಭಾಭವನ, ಗೋದಾಮು, ಶಾಲೆಯ ಅಂಗಳದಂತಹ ದೊಡ್ಡ ಮಾಡುಗಳಿಗೆ ಎಂಜಿನಿಯರರ ಲೆಕ್ಕವೂ ಜೊತೆಗೂಡುತ್ತಿದೆ. ಸ್ಟಾಡ್ ಪ್ರೊ, ಸ್ಯಾಪ್ 2000, ಈಟ್ಯಾಬ್ಸ್, ಆನ್ಸಿಸ್ ಮುಂತಾದ ತಂತ್ರಾಂಶಗಳಲ್ಲಿ ಮಾಡಿದ ಲೆಕ್ಕದ ವರದಿಯಲ್ಲಿ ಒಂದು ಸಾಲು ಇರುತ್ತದೆ: ಬಕ್ಲಿಂಗ್ ಫ್ಯಾಕ್ಟರ್ ಇಷ್ಟು. ಕೊಟ್ಟ ಹೊರೆಯ ಎಷ್ಟು ಪಟ್ಟಿಗೆ ಮಾಡು ಬಾಗುತ್ತದೆಂದು ಹೇಳುವ ಆ ಸಂಖ್ಯೆ 1ಕ್ಕಿಂತ ಹೆಚ್ಚಿದ್ದರೆ ಪುಟ ಮಗುಚುತ್ತೇವೆ.

ಆ ಒಂದು ಸಾಲಿನ ಹಿಂದೆ ಏಳೆಂಟು ಆಯ್ಕೆಗಳ ಒಂದು ಕಿಟಕಿ ಇದೆ. ಕಂಬದ ಬುಡ ಹೇಗೆ, ಕಂಬಿಯನ್ನು ಎಷ್ಟು ತುಂಡು ಮಾಡಬೇಕು, ಯಾವ ಹೊರೆ, ಬಾಗುವ ಎಷ್ಟು ರೂಪಗಳನ್ನು ಹುಡುಕಬೇಕು, ಮೊದಲೇ ಇರುವ ಡೊಂಕು ಎಷ್ಟು ಎಂದೆಲ್ಲ ಅಲ್ಲಿ ಹೇಳಬೇಕು. ಹೇಳದಿದ್ದರೆ ತಂತ್ರಾಂಶ ತನಗೆ ತಾನೇ ಒಂದು ಉತ್ತರ ಇಟ್ಟುಕೊಳ್ಳುತ್ತದೆ. ನನ್ನ ತಕರಾರು ಇರುವುದು ಈ ಹೇಳದೆ ಬಿಟ್ಟ ಉತ್ತರಗಳ ಬಗ್ಗೆ. ಒಳಗಿನ ಗಣಿತ ಗಟ್ಟಿಯಾಗಿದೆ, ಅದನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ಆದರೆ ಬಳಕೆದಾರ ಕೈಯಿಡದೆ ಬಿಟ್ಟ ಆಯ್ಕೆಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕಡೆಗೆ ವಾಲುತ್ತವೆ: ಮಾಡು ನಿಜಕ್ಕೂ ಇರುವುದಕ್ಕಿಂತ ಬಲವಾಗಿ ಕಾಣುವ ಕಡೆಗೆ.

ಬಕ್ಲಿಂಗ್ ಎಂದರೇನೆಂದು ತೋಟದವರಿಗೆ ವಿವರಿಸಬೇಕಾಗಿಲ್ಲ. ಅಡಿಕೆ ಕೊಯ್ಯುವ ಉದ್ದನೆಯ ದೋಟಿಯನ್ನು ನೆಲಕ್ಕೆ ಊರಿ ಮೇಲಿನಿಂದ ಒತ್ತಿದರೆ ಅದು ಜಜ್ಜಿಹೋಗುವುದಿಲ್ಲ, ಪಕ್ಕಕ್ಕೆ ಬಿಲ್ಲಿನಂತೆ ಬಾಗುತ್ತದೆ. ಅದೇ ದೋಟಿಯಿಂದ ಕಡಿದ ಮೊಳದುದ್ದದ ತುಂಡು ಜಗ್ಗದೆ ನಿಲ್ಲುತ್ತದೆ. ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಇದಕ್ಕೆ ಸೂತ್ರ ಕೊಟ್ಟ. ತೆಳ್ಳನೆಯ ಕಂಬ ಹೊರಬಲ್ಲ ಭಾರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ, ಅಂದರೆ ಉದ್ದ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಸೂತ್ರದಲ್ಲಿ ಉಕ್ಕಿನ ದರ್ಜೆಗೆ ಸ್ಥಾನವೇ ಇಲ್ಲ. ಸಾದಾ ಉಕ್ಕಿಗೂ ದುಬಾರಿಯ ಗಟ್ಟಿ ಉಕ್ಕಿಗೂ ಸ್ಥಿತಿಸ್ಥಾಪಕತ್ವದ ಗುಣಾಂಕ ಒಂದೇ ಆದ್ದರಿಂದ, ಹೆಚ್ಚು ಹಣ ಕೊಟ್ಟು ಒಳ್ಳೆಯ ದರ್ಜೆ ತಂದರೂ ಉದ್ದನೆಯ ತೆಳು ಕಂಬಕ್ಕೆ ಅದರಿಂದ ಸಿಗುವ ಲಾಭ ಅತ್ಯಲ್ಪ.

ಲೆಕ್ಕ ಹಾಕಿಯೇ ನೋಡೋಣ. ನಮ್ಮಲ್ಲಿ ಎರಡಿಂಚಿನ ಪೈಪು ಎನ್ನುವುದರ ಹೊರವ್ಯಾಸ 60.3 ಮಿ.ಮೀ., ಮಧ್ಯಮ ದರ್ಜೆಯದಾದರೆ ದಪ್ಪ 3.6 ಮಿ.ಮೀ. ಇಂಥ ಮೂರು ಮೀಟರ್ ಉದ್ದದ ಕಂಬದ ಎರಡೂ ತುದಿಗಳು ತಿರುಗಬಲ್ಲವು, ಆದರೆ ಸರಿಯಲಾರವು ಎಂದಿಟ್ಟುಕೊಂಡರೆ ಆಯ್ಲರನ ಭಾರ ಸುಮಾರು 5.8 ಟನ್. ಎರಡೂ ತುದಿ ಅಲುಗದಂತೆ ಬಿಗಿಯಾಗಿವೆ ಎಂದರೆ ಅದು ನಾಲ್ಕು ಪಟ್ಟಾಗಿ 23 ಟನ್. ಬುಡ ಮಾತ್ರ ಬಿಗಿ, ತಲೆ ಸ್ವತಂತ್ರವಾಗಿ ಅತ್ತಿತ್ತ ಸರಿಯಬಹುದು ಎಂದರೆ ಕಾಲು ಪಾಲು, ಸುಮಾರು 1.4 ಟನ್. ಪೈಪು ಅದೇ, ಉದ್ದ ಅದೇ. ತುದಿಗಳ ಬಗ್ಗೆ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ಉತ್ತರ ಹದಿನಾರು ಪಟ್ಟು ಬದಲಾಗುತ್ತದೆ. ಇಡೀ ತಂತ್ರಾಂಶದಲ್ಲಿ ಇಷ್ಟು ದೊಡ್ಡ ಪರಿಣಾಮದ ಇನ್ನೊಂದು ಗುಂಡಿ ಇಲ್ಲ.

ತಾರಸಿಯ ಮೇಲಿನ ಕಂಬದ ಬುಡ ನಿಜದಲ್ಲಿ ಹೇಗಿದೆ? ತೆಳುವಾದ ಒಂದು ಬೇಸ್ ಪ್ಲೇಟು, ನಾಲ್ಕು ಆಂಕರ್ ಬೋಲ್ಟು, ಕೆಳಗೆ ನಾಲ್ಕೈದು ಇಂಚಿನ ಸ್ಲ್ಯಾಬು. ಕೆಲವೆಡೆ ಬೋಲ್ಟು ಎರಡೇ. ಇದನ್ನು ಪೂರ್ತಿ ಬಿಗಿ ಎನ್ನುವುದು ತಪ್ಪು. ತಲೆಯ ಕಡೆ ಟ್ರಸ್ಸಿನ ಸಮತಲದಲ್ಲಿ ಸ್ವಲ್ಪ ಹಿಡಿತ ಸಿಗುತ್ತದೆ. ಟ್ರಸ್ಸಿಗೆ ಅಡ್ಡಲಾದ ದಿಕ್ಕಿನಲ್ಲಿ, ಓರೆ ಬ್ರೇಸಿಂಗ್ ಇಲ್ಲದಿದ್ದರೆ, ಎಲ್ಲ ಕಂಬಗಳೂ ಒಟ್ಟಿಗೆ ಒಂದೇ ಕಡೆಗೆ ವಾಲುವುದನ್ನು ತಡೆಯುವಂಥದ್ದು ಏನೂ ಇಲ್ಲ. ಅಲ್ಲಿ ನಿಜವಾದ ಬಲ 1.4 ಟನ್ನಿನ ಹತ್ತಿರದ್ದು, ಬುಡ ಅಲುಗಿದರೆ ಅದಕ್ಕಿಂತಲೂ ಕಡಿಮೆ. ಆದರೆ ಲೆಕ್ಕದಲ್ಲಿ ಬುಡ ಬಿಗಿಯಾಗಲು ಒಂದು ಕ್ಲಿಕ್ ಸಾಕು. ಫ್ರೇಮ್ ಲೆಕ್ಕದ ತಂತ್ರಾಂಶಗಳಲ್ಲಿ ನಾವು ಬಿಡಿಸದ ಹೊರತು ಪ್ರತಿ ಜೋಡಣೆಯೂ ಬಿಗಿಯೇ. ಇನ್ನು ಸಮಯ ಉಳಿಸಲೆಂದು ಒಂದೇ ಟ್ರಸ್ಸನ್ನು ಎರಡು ಆಯಾಮದಲ್ಲಿ ಬಿಡಿಸಿ ಬಕ್ಲಿಂಗ್ ಓಡಿಸಿದರೆ, ಅಡ್ಡ ದಿಕ್ಕಿಗೆ ವಾಲುವ ರೂಪ ತಂತ್ರಾಂಶಕ್ಕೆ ಕಾಣುವುದೇ ಇಲ್ಲ. ಅದು ಕಾಣದ ದಿಕ್ಕಿನಲ್ಲೇ ನಮ್ಮ ಮಾಡುಗಳು ಅತ್ಯಂತ ದುರ್ಬಲವಾಗಿರುವುದು. ತಾರಸಿ ಮಾಡಿನ ಬಕ್ಲಿಂಗನ್ನು ಎರಡು ಆಯಾಮದಲ್ಲಿ ಲೆಕ್ಕ ಹಾಕಿದ ವರದಿಯನ್ನು ಯಾರೂ ಒಪ್ಪಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಎರಡನೆಯದು ತುಂಡರಿಸುವ ಆಯ್ಕೆ. ಇದು ಸಣ್ಣದೆಂದು ತೋರುತ್ತದೆ, ಆದರೆ ಕಲಿಸುವಾಗ ಹೆಚ್ಚು ಹೊತ್ತು ಕೊಡಬೇಕಾದ ವಿಷಯ. ಕಂಬಿ ಹೇಗೆ ಬಾಗುತ್ತದೆ ಎಂಬುದನ್ನು ತಂತ್ರಾಂಶ ಒಂದು ಘನ ಸಮೀಕರಣದ ವಕ್ರರೇಖೆಯಿಂದ ಅಂದಾಜಿಸುತ್ತದೆ. ಎರಡೂ ತುದಿ ತಿರುಗಬಲ್ಲ ಕಂಬವನ್ನು ಒಂದೇ ತುಂಡಾಗಿ ಕೊಟ್ಟರೆ ಆಯ್ಲರನ ಸೂತ್ರದ 9.87ರ ಜಾಗದಲ್ಲಿ 12 ಬರುತ್ತದೆ, ಅಂದರೆ ಬಲ ಶೇ. 21ಕ್ಕೂ ಹೆಚ್ಚಾಗಿ ಉಬ್ಬುತ್ತದೆ. ನಮ್ಮ 5.8 ಟನ್ನಿನ ಪೈಪು 7 ಟನ್ ಹೊರುತ್ತದೆಂದು ಕಾಗದ ಹೇಳುತ್ತದೆ. ಅದೇ ಕಂಬವನ್ನು ಎರಡೇ ಎರಡು ತುಂಡು ಮಾಡಿದರೆ 9.94 ಬಂದು ತಪ್ಪು ಶೇ. 1ಕ್ಕಿಂತ ಕೆಳಗಿಳಿಯುತ್ತದೆ. ಎರಡೂ ತುದಿ ಬಿಗಿಯಾದ ಕಂಬವನ್ನು ಒಂದೇ ತುಂಡಾಗಿ ಬಿಟ್ಟರಂತೂ ಬಾಗಲು ನಡುವೆ ಬಿಂದುವೇ ಇರುವುದಿಲ್ಲ, ಅದರ ಬಕ್ಲಿಂಗ್ ಫಲಿತಾಂಶದಲ್ಲಿ ಮೂಡುವುದೇ ಇಲ್ಲ. ಟ್ರಸ್ ಎಲಿಮೆಂಟ್ ಎಂದು ಕೊಟ್ಟ ಕಂಬಿಗೂ ಇದೇ ಗತಿ: ಅದು ಎಷ್ಟೇ ತೆಳ್ಳಗಿದ್ದರೂ ಲೆಕ್ಕದಲ್ಲಿ ಬಾಗಲಾರದು. ಕಂಬಿಯನ್ನು ಜೋಡಣೆಯಿಂದ ಜೋಡಣೆಗೆ ಒಂದೇ ತುಂಡಾಗಿ ಉಳಿಸಿಕೊಂಡು, ಒಂದು ಎಚ್ಚರಿಕೆಯನ್ನೂ ಕೊಡದೆ ಬಕ್ಲಿಂಗ್ ಲೆಕ್ಕ ಮುಗಿಸಲು ಬಿಡುವುದು ತಂತ್ರಾಂಶದ ದೊಡ್ಡ ಕೊರತೆ. ಪ್ರತಿ ಕಂಬಿಯನ್ನೂ ತಾನಾಗಿ ನಾಲ್ಕು ಭಾಗ ಮಾಡುವುದು ಇಂದಿನ ಕಂಪ್ಯೂಟರುಗಳಿಗೆ ಯಾವ ಭಾರವೂ ಆಗದು.

ಈಗ ಹೊರೆಯ ಆಯ್ಕೆಗೆ ಬರೋಣ. ಕರಾವಳಿಯವರಾದ ನಮಗೆ ಅತ್ಯಂತ ಮುಖ್ಯವಾದ ಗುಂಡಿ ಇದೇ ಎಂದು ನನ್ನ ತೀರ್ಮಾನ. ಬಕ್ಲಿಂಗ್ ಲೆಕ್ಕಕ್ಕೆ ಒಂದು ಹೊರೆ ಕೊಡಬೇಕು. ಬಹುತೇಕರು ಕೊಡುವುದು ಮಾಡಿನ ಸ್ವಂತ ಭಾರ, ಜೊತೆಗೆ ಮೇಲೆ ಹತ್ತಿ ಕೆಲಸ ಮಾಡುವವರ ಭಾರ. ಎರಡೂ ಕೆಳಮುಖ. ಆಗ ಟ್ರಸ್ಸಿನ ಮೇಲಿನ ಕಂಬಿ ಒತ್ತಡದಲ್ಲೂ ಕೆಳಗಿನ ಕಂಬಿ ಎಳೆತದಲ್ಲೂ ಇರುತ್ತದೆ. ಎಳೆತದ ಕಂಬಿ ಬಾಗುವುದಿಲ್ಲವಾದ್ದರಿಂದ ಅದನ್ನು ತೆಳ್ಳಗಿಡುತ್ತಾರೆ. ಮೇಲಿನ ಕಂಬಿಗೆ ಶೀಟು ಕೂರಿಸುವ ಅಡ್ಡ ಪೈಪುಗಳಾದ ಪರ್ಲಿನ್‌ಗಳ ಪಕ್ಕದ ಹಿಡಿತವಾದರೂ ಇದೆ, ಕೆಳಗಿನದಕ್ಕೆ ಅದೂ ಇಲ್ಲ.

ಮುಂಗಾರಿನ ಗಾಳಿ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಭಾರತೀಯ ಮಾನಕ 875ರ ಮೂರನೆಯ ಭಾಗ ಮಂಗಳೂರಿಗೂ ಕಲ್ಲಿಕೋಟೆಗೂ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಎಂದು ಕೊಟ್ಟಿದೆ, ಕಾಸರಗೋಡು ಇವೆರಡರ ನಡುವಿನ ಕರಾವಳಿ. ಎತ್ತರ, ಪರಿಸರ ಮೊದಲಾದ ಗುಣಕಗಳನ್ನೆಲ್ಲ 1 ಎಂದು ಹಿಡಿದರೂ ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 90 ಕಿಲೋ ಆಗುತ್ತದೆ. ಶೀಟು, ಪರ್ಲಿನ್, ಪೈಪು ಎಲ್ಲ ಸೇರಿ ಮಾಡಿನ ತೂಕ ಚದರ ಮೀಟರಿಗೆ 15 ಕಿಲೋ ಎಂದು ಇಟ್ಟುಕೊಳ್ಳಿ. ಸುತ್ತ ಗೋಡೆಯಿಲ್ಲದ ಮಾಡಿನ ಅಡಿ ನುಗ್ಗಿದ ಗಾಳಿ ಆ ಒತ್ತಡದ ಅರ್ಧದಷ್ಟನ್ನು ಮೇಲಕ್ಕೆ ತಳ್ಳಿದರೂ ಮಾಡಿನ ತೂಕದ ಮೂರು ಪಟ್ಟಾಯಿತು. ಆ ಕ್ಷಣದಲ್ಲಿ ಎಳೆತದಲ್ಲಿದ್ದ ಕೆಳಗಿನ ಕಂಬಿ ಒತ್ತಡಕ್ಕೆ ಸಿಲುಕುತ್ತದೆ, ತೆಳ್ಳಗೆ, ಪಕ್ಕದ ಹಿಡಿತವಿಲ್ಲದೆ, ಈ ಕೊನೆಯಿಂದ ಆ ಕೊನೆಯವರೆಗೆ ಉದ್ದಕ್ಕೆ. ಶೀಟು ಹಾರಿಹೋಯಿತು ಎಂಬ ಸುದ್ದಿಯನ್ನು ಪ್ರತಿ ಮಳೆಗಾಲ ಓದುತ್ತೇವೆ. ಟ್ರಸ್ಸಿನ ಕೆಳಕಂಬಿ ಬಾಗಿತ್ತೇ ಎಂದು ನೋಡಿದವರು ಕಡಿಮೆ.

ತಂತ್ರಾಂಶ ಇಲ್ಲಿ ಒಂದು ಸುಳಿವು ಕೊಡುತ್ತದೆ, ಅದನ್ನು ಮೆಚ್ಚಬೇಕು. ಕೆಳಮುಖದ ಹೊರೆ ಕೊಟ್ಟಾಗಲೂ ಕೆಲವೊಮ್ಮೆ ಫಲಿತಾಂಶದ ಪಟ್ಟಿಯಲ್ಲಿ ಋಣ ಚಿಹ್ನೆಯ ಫ್ಯಾಕ್ಟರ್ ಬರುತ್ತದೆ. ಹೊರೆಯ ದಿಕ್ಕು ತಿರುಗಿದರೆ ಈ ರಚನೆ ಇಷ್ಟಕ್ಕೆ ಬಾಗುತ್ತದೆ ಎಂದು ಅದರ ಅರ್ಥ. ಹೊಸಬರು ಅದನ್ನು ಲೆಕ್ಕದ ದೋಷವೆಂದು ತಳ್ಳಿಹಾಕುತ್ತಾರೆ. ಆನ್ಸಿಸ್‌ನಂಥವುಗಳಲ್ಲಿ ಋಣ ಫ್ಯಾಕ್ಟರ್ ಬೇಡವೆನ್ನುವ ಆಯ್ಕೆಯೇ ಇದೆ. ನೆಲಕ್ಕೆ ಊರಿದ ನೀರಿನ ಟ್ಯಾಂಕಿಯ ಕಂಬಗಳಿಗೆ ಅದು ಸರಿಹೋದೀತು, ಶೀಟಿನ ಮಾಡಿಗೆ ಖಂಡಿತ ಸರಿಯಲ್ಲ. ಅರಬ್ಬಿ ಸಮುದ್ರದ ಬದಿಯಲ್ಲಿ ಕಟ್ಟುವವರು ಮೇಲ್ಮುಖ ಗಾಳಿಯ ಹೊರೆಯನ್ನು ಬೇರೆಯಾಗಿ ಕೊಟ್ಟು ಇನ್ನೊಮ್ಮೆ ಬಕ್ಲಿಂಗ್ ಓಡಿಸಲೇಬೇಕು. ಒಂದು ಹೊರೆಯ ಫ್ಯಾಕ್ಟರಿಗೆ ಇನ್ನೊಂದರದನ್ನು ಕೂಡಿಸಿ ಕಳೆದು ಉತ್ತರ ಪಡೆಯುವಂತಿಲ್ಲ, ಪ್ರತಿ ಹೊರೆಯ ಜೋಡಿಗೂ ಹೊಸ ಲೆಕ್ಕವೇ ಬೇಕು. ಇನ್ನೊಂದು ಸೂಕ್ಷ್ಮ ಇದೆ. ಫ್ಯಾಕ್ಟರ್ ಎಂದರೆ ಕೊಟ್ಟ ಹೊರೆಯನ್ನೆಲ್ಲ ಗುಣಿಸುವ ಸಂಖ್ಯೆ, ಅದು ಮಾಡಿನ ಸ್ವಂತ ಭಾರವನ್ನೂ ಗುಣಿಸಿಬಿಡುತ್ತದೆ. ಗಾಳಿ ಇಮ್ಮಡಿಯಾಗಬಹುದು, ಶೀಟಿನ ತೂಕ ಇಮ್ಮಡಿಯಾಗದು. ಸ್ವಂತ ಭಾರವನ್ನು ಮೊದಲೇ ಹೊರಿಸಿಟ್ಟು ಆ ಸ್ಥಿತಿಯಿಂದ ಲೆಕ್ಕ ಆರಂಭಿಸುವ ಆಯ್ಕೆ ಸ್ಯಾಪ್ 2000ದಲ್ಲಿದೆ, ಅದನ್ನು ಬಳಸುವುದು ಒಳ್ಳೆಯದು.

ಎಷ್ಟು ರೂಪಗಳನ್ನು ಹುಡುಕಬೇಕು ಎಂಬ ಆಯ್ಕೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಎರಡೋ ಆರೋ ಎಂದು ತಂತ್ರಾಂಶ ತಾನೇ ಇಟ್ಟುಕೊಂಡದ್ದು ಸಾಲದು. ಮೊದಲ ರೂಪ ಯಾವುದೋ ಮೂಲೆಯ ತೆಳು ಕಂಬಿಯದಾಗಿ, ಇಡೀ ಮಾಡು ವಾಲುವ ರೂಪ ಹತ್ತನೆಯದಾಗಿ ಅಡಗಿರಬಹುದು. ಇಪ್ಪತ್ತು ಕೇಳಿ, ಪ್ರತಿಯೊಂದರ ಚಿತ್ರವನ್ನೂ ಕಣ್ಣಾರೆ ನೋಡಿ. ಸಮೀಕರಣ ಬಿಡಿಸುವ ವಿಧಾನ ಲ್ಯಾಂಕ್ಜೋಸ್‌ನದೋ ಸಬ್‌ಸ್ಪೇಸೋ ಎಂಬ ಚರ್ಚೆ ನಮ್ಮ ಗಾತ್ರದ ಮಾಡುಗಳಿಗೆ ಅನಗತ್ಯ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗುವುದು ಆದರ್ಶ ಕಂಬದ ಬಲ: ಕಡ್ಡಿ ನೇರವಾದ, ಹೊರೆ ಸರಿಯಾಗಿ ನಡುವೆ ಕೂತ, ಎಂದಿಗೂ ಜಜ್ಜಿಹೋಗದ ಉಕ್ಕಿನ ಕಂಬ. ಮೇಲೆ ಹೇಳಿದ 23 ಟನ್ನನ್ನೇ ನೋಡಿ. ಆ ಪೈಪು ಸಾದಾ ದರ್ಜೆಯ ಉಕ್ಕಿನದಾದರೆ ಸುಮಾರು 14 ಟನ್ನಿಗೇ ಅದರ ಲೋಹ ಸೋಲುತ್ತದೆ. ಸರಳ ಬಕ್ಲಿಂಗ್ ಲೆಕ್ಕಕ್ಕೆ ಇದರ ಅರಿವೇ ಇರುವುದಿಲ್ಲ. ನೆದರ್‌ಲ್ಯಾಂಡ್ಸಿನ ವಾರ್ನರ್ ಕೊಯ್ಟರ್ 1945ರ ತನ್ನ ಪ್ರಬಂಧದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಡೊಂಕು ಕೂಡ ಕೆಲವು ರಚನೆಗಳ ಬಲವನ್ನು ಎಷ್ಟು ಕುಗ್ಗಿಸುತ್ತದೆಂದು ತೋರಿಸಿಕೊಟ್ಟ. ನಮ್ಮ ಭಾರತೀಯ ಮಾನಕ 800, 2007ರ ಆವೃತ್ತಿಯಲ್ಲಿ, ಈ ಅರಿವನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವಕ್ರರೇಖೆಗಳಲ್ಲಿ ಅಳವಡಿಸಿಕೊಂಡಿದೆ. ನಮ್ಮ ಮೂರು ಮೀಟರಿನ ಪೈಪಿಗೆ ಬಿ ರೇಖೆ ಹಿಡಿದು ಲೆಕ್ಕ ಹಾಕಿದರೆ ಆಯ್ಲರನ 5.8 ಟನ್ ಇಳಿದು ಸುಮಾರು 4.1 ಟನ್ ಆಗುತ್ತದೆ. ಅಂಗಡಿಯಲ್ಲಿ ಸಿಕ್ಕಿದ್ದು 3.6ರ ಬದಲು 2 ಮಿ.ಮೀ. ದಪ್ಪದ ಪೈಪಾದರೆ ಬಾಗುವಿಕೆ ತಡೆಯುವ ಶಕ್ತಿ ಶೇ. 60ಕ್ಕೆ ಇಳಿಯುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಮೇಲಿನದ್ದು ಬೇರೆ ಮಾತು.

ಆದ್ದರಿಂದ ಫ್ಯಾಕ್ಟರ್ 1ಕ್ಕಿಂತ ಹೆಚ್ಚಿದೆ ಎಂಬ ಮಾತಿಗೆ ಬೆಲೆಯಿಲ್ಲ. ಯುರೋಪಿನ ಉಕ್ಕಿನ ಮಾನಕ ಈ ಸಂಖ್ಯೆಯನ್ನು ಓದುವ ರೀತಿ ನನಗೆ ಸರಿ ಎನಿಸುತ್ತದೆ. ಫ್ಯಾಕ್ಟರ್ 10ಕ್ಕಿಂತ ಕಡಿಮೆಯಿದ್ದರೆ, ಬಾಗಿದ ಮೇಲೆ ಹೆಚ್ಚುವ ಹೊರೆಯನ್ನೂ ಸೇರಿಸಿ ಎರಡನೆಯ ಹಂತದ ಲೆಕ್ಕ ಮಾಡಬೇಕು ಎನ್ನುತ್ತದೆ ಅದು. ಆನ್ಸಿಸ್‌ನ ಕೈಪಿಡಿಯೂ ಸರಳ ಬಕ್ಲಿಂಗಿನ ಉತ್ತರ ಬಹಳ ಸಲ ಸುರಕ್ಷತೆಯ ತಪ್ಪು ಬದಿಗೆ ಬೀಳುತ್ತದೆಂದು ಒಪ್ಪಿಕೊಂಡು, ಡೊಂಕನ್ನೂ ಲೋಹದ ಸೋಲನ್ನೂ ಸೇರಿಸಿದ ನಾನ್‌ಲೀನಿಯರ್ ಲೆಕ್ಕದ ಕಡೆಗೆ ಬೆರಳು ತೋರಿಸುತ್ತದೆ. ಇಂಥ ಪ್ರಾಮಾಣಿಕ ಮಾತು ಕೈಪಿಡಿಯ ಒಳಗೆಲ್ಲೋ ಇದ್ದರೆ ಸಾಲದು, ಉತ್ತರ ಬರುವ ಪರದೆಯ ಮೇಲೆ ಅದು ಕಾಣಬೇಕು.

ಲೆಕ್ಕ ಕೈಕೊಟ್ಟ ಕಥೆಗೆ ಎಂಜಿನಿಯರರು ಈಗಲೂ ಓದುವ ಉದಾಹರಣೆ ಅಮೆರಿಕದ ಹಾರ್ಟ್‌ಫರ್ಡ್ ಸಿವಿಕ್ ಸೆಂಟರ್. ಕಂಪ್ಯೂಟರಿನ ಲೆಕ್ಕವನ್ನು ನಂಬಿ ಕಟ್ಟಿದ ಅದರ ಉಕ್ಕಿನ ಮಾಡು 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಸಾವಿರಾರು ಜನ ಅಲ್ಲಿ ಬಾಸ್ಕೆಟ್‌ಬಾಲ್ ನೋಡಿ ಹೊರಟಿದ್ದರು. ಅಂಚಿನ ಮೇಲ್ಕಂಬಿಗಳಿಗೆ 15 ಅಡಿಗೊಮ್ಮೆ ಪಕ್ಕದ ಹಿಡಿತವಿದೆ ಎಂದು ಲೆಕ್ಕ ಹಿಡಿದಿತ್ತು. ಕಟ್ಟಿದ ಮಾಡಿನಲ್ಲಿ ಅದು 30 ಅಡಿಗೊಮ್ಮೆ ಇತ್ತು. ಉದ್ದ ಇಮ್ಮಡಿ, ಬಲ ಕಾಲು. ಕಟ್ಟುವಾಗಲೇ ಮಾಡು ಲೆಕ್ಕಕ್ಕಿಂತ ಎರಡು ಪಟ್ಟು ಜಗ್ಗಿದ್ದನ್ನು ಅಳೆದು ತಿಳಿಸಿದ್ದರು, ಆದರೂ ಯಾರೂ ಲೆಕ್ಕವನ್ನು ಮತ್ತೆ ತೆರೆಯಲಿಲ್ಲ.

ನಮ್ಮ ಜಿಲ್ಲೆಯೂ ಕುಸಿತಗಳನ್ನು ಕಂಡಿದೆ. 2022ರ ಅಕ್ಟೋಬರಿನಲ್ಲಿ ಮಂಜೇಶ್ವರ ಉಪಜಿಲ್ಲೆಯ ಶಾಸ್ತ್ರಮೇಳಕ್ಕೆಂದು ಬೇಕೂರಿನ ಶಾಲೆಯಲ್ಲಿ ಹಾಕಿದ್ದ ಚಪ್ಪರ ಕುಸಿದು ಹಲವು ಮಕ್ಕಳು ಗಾಯಗೊಂಡರು. ಅದೇ ತಿಂಗಳ ಕೊನೆಯಲ್ಲಿ ಪೆರಿಯದಲ್ಲಿ ರಾಷ್ಟ್ರೀಯ ಹೆದ್ದಾರಿಯ ಅಂಡರ್‌ಪಾಸ್ ಕಾಂಕ್ರೀಟ್ ಹಾಕುತ್ತಿರುವಾಗಲೇ ಕೆಳಗೆ ಬಂತು. ಈ ಎರಡಕ್ಕೂ ಕಾರಣ ಬಕ್ಲಿಂಗ್ ಎಂದು ನಾನು ಹೇಳುತ್ತಿಲ್ಲ. ಆದರೆ ಚಪ್ಪರ, ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್, ತಾರಸಿಯ ಮಾಡು ಮೂರೂ ತೆಳು ಕಂಬಗಳ ಮೇಲೆ ನಿಲ್ಲುವ ರಚನೆಗಳು. ನಾಲ್ಕು ದಿನ ನಿಲ್ಲುವಂಥದ್ದು ಎಂಬ ಕಾರಣಕ್ಕೆ ಮೊದಲ ಎರಡನ್ನು ಯಾರೂ ಲೆಕ್ಕಕ್ಕೇ ತರುವುದಿಲ್ಲ. ಸೆಂಟ್ರಿಂಗಿನ ಜ್ಯಾಕಿ ಕಂಬವನ್ನು ಎತ್ತರಿಸಿದಷ್ಟೂ ಅದರ ಬಲ ಉದ್ದದ ವರ್ಗದ ಪ್ರಕಾರ ಕುಗ್ಗುತ್ತದೆ ಎಂಬುದು ಅದನ್ನು ತಿರುಗಿಸಿ ಏರಿಸುವ ಕೆಲಸಗಾರನಿಗೂ ಅವನ ಭಾಷೆಯಲ್ಲಿ ತಿಳಿಯಬೇಕಾದ ಸಂಗತಿ.

ಒಟ್ಟಿನಲ್ಲಿ ಬಕ್ಲಿಂಗ್ ಸೌಲಭ್ಯ ಒಳ್ಳೆಯ ಸಾಧನ. ಮಾಡು ಯಾವ ಕಡೆಗೆ, ಯಾವ ರೂಪದಲ್ಲಿ ಸೋಲುತ್ತದೆಂದು ಚಿತ್ರ ಸಮೇತ ತೋರಿಸುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ. ಬ್ರೇಸಿಂಗ್ ಎಲ್ಲಿ ಬೇಕೆಂದು ಕೈಲೆಕ್ಕದಲ್ಲಿ ದಿನವಿಡೀ ಹುಡುಕುವುದನ್ನು ಅದು ನಿಮಿಷದಲ್ಲಿ ತೋರುತ್ತದೆ. ರೂಪಗಳಿಗಾಗಿ ಅದನ್ನು ಬಳಸಬೇಕು, ಬಲದ ಸಂಖ್ಯೆಗೆ ಮಾನಕ 800ರ ವಕ್ರರೇಖೆಗಳನ್ನು ನಂಬಬೇಕು. ಆ ಮಾನಕ ಕೇಳುವ ಶೇ. 0.5ರ ಕಾಲ್ಪನಿಕ ಅಡ್ಡ ಹೊರೆಯನ್ನೂ ಬಿಡದೆ ಕೊಡಬೇಕು.

ಪೊವ್ವಲಿನ ಎಲ್‌ಬಿಎಸ್ ಕಾಲೇಜಿನಲ್ಲಿ, ಗಡಿಯಾಚೆ ಸುರತ್ಕಲ್, ಸುಳ್ಯ, ಪುತ್ತೂರುಗಳಲ್ಲಿ ನಮ್ಮ ಊರಿನ ಮಕ್ಕಳು ಎಂಜಿನಿಯರಿಂಗ್ ಓದುತ್ತಾರೆ. ಅವರಿಗೆ ಈ ಕಿಟಕಿಯನ್ನು ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಎರಡಿಂಚಿನ ಒಂದೇ ಪೈಪನ್ನು ಕೊಟ್ಟು, ಬುಡ ಬದಲಿಸಿ, ತುಂಡು ಬದಲಿಸಿ, ಹೊರೆಯ ದಿಕ್ಕು ಬದಲಿಸಿ ಉತ್ತರ ಹೇಗೆ ಓಡಾಡುತ್ತದೆಂದು ಮೊದಲ ದಿನವೇ ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ. ವರದಿ ಬರೆಯುವ ಎಂಜಿನಿಯರರು ಫ್ಯಾಕ್ಟರಿನ ಕೆಳಗೆ ನಾಲ್ಕು ಸಾಲು ಹೆಚ್ಚು ಬರೆಯಲಿ: ಬುಡವನ್ನು ಹೇಗೆ ಹಿಡಿದಿದ್ದೇನೆ, ಕಂಬಿಯನ್ನು ಎಷ್ಟು ತುಂಡು ಮಾಡಿದ್ದೇನೆ, ಮೇಲ್ಮುಖ ಗಾಳಿ ಕೊಟ್ಟಿದ್ದೇನೆಯೇ, ಡೊಂಕು ಎಷ್ಟು ಇಟ್ಟಿದ್ದೇನೆ. ಮನೆಯ ಯಜಮಾನರೂ ಈ ನಾಲ್ಕನ್ನು ಕೇಳಿ ಪಡೆಯಬಹುದು. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬ ಎಂಜಿನಿಯರರೂ ತಮ್ಮ ಹಳೆಯ ಫೈಲುಗಳಿಂದ ಒಂದು ಮಾಡನ್ನಾದರೂ ತೆಗೆದು, ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಕೊಟ್ಟು ಮತ್ತೆ ಓಡಿಸಿ ನೋಡಲಿ. ಕೆಳಕಂಬಿ ಬಾಗುತ್ತದೆಂದು ಕಂಡರೆ ಆ ಮನೆಯವರಿಗೆ ಫೋನ್ ಮಾಡಿ ಹೇಳಲಿ. ಓರೆಯಾಗಿ ಬೆಸೆಯಬೇಕಾದ ನಾಲ್ಕು ಬ್ರೇಸಿಂಗ್ ಪೈಪುಗಳಿಗೆ ವೆಲ್ಡರನ ಒಂದು ದಿನದ ಕೆಲಸ ಸಾಕು.